ಯುದ್ಧ ಶುರು ಮಾಡಿದ್ದು ಯಾರು ಅಂತ ಶಾಂತಿ ಒಪ್ಪಂದದಲ್ಲಿ ಬರೆಯುವುದು ಯಾಕೆ?

ವರ್ಸೇಲ್ಸ್ ಒಪ್ಪಂದದಲ್ಲಿ 440 ವಿಧಿಗಳಿವೆ. ಜನ ನೆನಪಿಟ್ಟುಕೊಂಡಿರುವುದು ಹೆಚ್ಚುಕಮ್ಮಿ ಒಂದನ್ನೇ, 231ನೇ ವಿಧಿಯನ್ನು. ಮೊದಲ ಮಹಾಯುದ್ಧಕ್ಕೆ ಜರ್ಮನಿಯೊಂದೇ ಕಾರಣ ಅಂತ ಬಲವಂತವಾಗಿ ಒಪ್ಪಿಸಿದರು, ಆ ಅವಮಾನದ ಬೆನ್ನು ಹತ್ತಿ ಹಿಟ್ಲರ್ ಬಂದ ಅಂತ ಶಾಲೆಯಲ್ಲಿ ಓದಿರುತ್ತೇವೆ. ಐದು ಅಂಕದ ಪ್ರಶ್ನೆಗೆ ಈ ಉತ್ತರ ಸಾಕು. ಆದರೆ ಆ ವಿಧಿಯನ್ನು ಬರೆದವರು ಯಾರು, ಯಾವ ಇಕ್ಕಟ್ಟಿನಲ್ಲಿ ಬರೆದರು ಅಂತ ನೋಡಿದರೆ ಅದು ದುಡ್ಡಿನ ಜಗಳವನ್ನು ಬಗೆಹರಿಸಲು ಹೊಸೆದ ವಾಕ್ಯ ಅನ್ನುವುದು ಗೊತ್ತಾಗುತ್ತದೆ.

ವಿಧಿ ಹೇಳುವುದು ಹೆಚ್ಚುಕಮ್ಮಿ ಇಷ್ಟು: ಜರ್ಮನಿ ಮತ್ತು ಅದರ ಜತೆಗಾರರ ಆಕ್ರಮಣದಿಂದ ನಮ್ಮ ಮೇಲೆ ಬಿದ್ದ ಈ ಯುದ್ಧದಲ್ಲಿ ನಮ್ಮ ಸರ್ಕಾರಗಳಿಗೂ ಜನರಿಗೂ ಆದ ಎಲ್ಲ ನಷ್ಟಕ್ಕೆ, ಹಾನಿಗೆ ಜರ್ಮನಿ ಮತ್ತು ಅದರ ಜತೆಗಾರರೇ ಹೊಣೆ ಅಂತ ಗೆದ್ದ ದೇಶಗಳು ಸಾರುತ್ತವೆ, ಜರ್ಮನಿ ಅದನ್ನು ಒಪ್ಪಿಕೊಳ್ಳುತ್ತದೆ. ಒಂದೇ ಉಸಿರಿಗೆ ಓದುವಂಥ ವಾಕ್ಯ ಅಲ್ಲ. ಇಲ್ಲಿ ಎರಡು ವಿಷಯ ಗಮನಿಸಬೇಕು. ಹೊಣೆ ಹೊರಿಸಿರುವುದು ನಷ್ಟಕ್ಕೆ, ಅದೂ ಜರ್ಮನಿಯೊಬ್ಬರ ಮೇಲಲ್ಲ, ಅದರ ಜತೆಗಿದ್ದವರ ಮೇಲೂ. ಇನ್ನು ಈ ವಿಧಿ ಇರುವ ಜಾಗ. ಒಪ್ಪಂದದ ಎಂಟನೇ ಭಾಗದ ಮೊದಲ ವಿಧಿ ಇದು, ಆ ಭಾಗದ ವಿಷಯವೇ ನಷ್ಟ ಪರಿಹಾರ.

ಪರಿಹಾರದ ಭಾಗಕ್ಕೆ ಹೊಣೆಯ ವಾಕ್ಯ ಯಾಕೆ ಬೇಕಾಯಿತು? ರಸ್ತೆಯಲ್ಲಿ ಎರಡು ಗಾಡಿ ಗುದ್ದಿಕೊಂಡಾಗ ಏನಾಗುತ್ತದೆ ನೋಡಿ. ಬಂಪರ್ ಎಷ್ಟು ಹೋಯಿತು, ಲೈಟ್ ಎಷ್ಟು ಹೋಯಿತು ಅನ್ನುವ ಲೆಕ್ಕ ಆಮೇಲೆ. "ಮೊದಲು ತಪ್ಪು ನಿಂದು ಅಂತ ಒಪ್ಪಿಕೋ" ಅನ್ನುವುದೇ ಮೊದಲ ಜಗಳ. ತಪ್ಪು ಯಾರದ್ದು ಅಂತ ಇತ್ಯರ್ಥ ಆಗದೆ ದುಡ್ಡು ಕೇಳಲು ಆಧಾರ ಇರುವುದಿಲ್ಲ. ಪ್ಯಾರಿಸ್‌ನಲ್ಲಿ 1919ರಲ್ಲಿ ಕೂತಿದ್ದ ವಕೀಲರಿಗೆ ಬೇಕಾಗಿದ್ದೂ ಅಂಥದ್ದೇ ಒಂದು ಆಧಾರ.

ಅವರ ತಲೆನೋವು ಅದಕ್ಕಿಂತ ಜಾಸ್ತಿ ಇತ್ತು. ಕದನ ನಿಲ್ಲುವ ಮೊದಲೇ, 1918ರ ನವೆಂಬರ್ 5ರಂದು, ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ರಾಬರ್ಟ್ ಲಾನ್ಸಿಂಗ್ ಜರ್ಮನಿಗೆ ಒಂದು ಪತ್ರ ಕಳಿಸಿದ್ದರು. ನೆಲ, ನೀರು, ಗಾಳಿ ಯಾವ ಕಡೆಯಿಂದಲಾದರೂ ಜರ್ಮನಿಯ ಆಕ್ರಮಣದಿಂದ ನಾಗರಿಕರಿಗೂ ಅವರ ಆಸ್ತಿಗೂ ಆದ ಹಾನಿಗೆ ಜರ್ಮನಿ ಪರಿಹಾರ ಕೊಡಬೇಕು ಅನ್ನುವುದು ಅದರ ಷರತ್ತು. ಅಂದರೆ ನಾಗರಿಕರ ಹಾನಿ ಮಾತ್ರ. ಸೈನ್ಯದ ಖರ್ಚು, ಗುಂಡು ಮದ್ದಿನ ಖರ್ಚು ಅದರಲ್ಲಿ ಬರುವುದಿಲ್ಲ. ಜರ್ಮನಿ ಆಯುಧ ಕೆಳಗಿಟ್ಟದ್ದು ಈ ಮಾತಿನ ಮೇಲೆ. ಹೀಗಾಗಿ ಆಮೇಲೆ ಯುದ್ಧದ ಇಡೀ ಖರ್ಚು ಕೊಡಿ ಅಂತ ಕೇಳಿದರೆ ಅದು ಮಾತು ತಪ್ಪಿದಂತೆ.

ಆದರೆ ಅಷ್ಟರಲ್ಲಿ ಬ್ರಿಟನ್‌ನಲ್ಲಿ ಡಿಸೆಂಬರ್ 1918ರ ಚುನಾವಣೆ ಬಂತು. ಜರ್ಮನಿಯಿಂದ ಪೈಸೆ ಪೈಸೆ ವಸೂಲಿ ಮಾಡುತ್ತೇವೆ ಅಂತ ಅಭ್ಯರ್ಥಿಗಳು ಊರೂರಲ್ಲಿ ಭಾಷಣ ಮಾಡಿದರು. ಚುನಾವಣೆಯ ಭರವಸೆ ಎಂಥದ್ದು ಅಂತ ನಮಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ಫ್ರಾನ್ಸ್‌ನ ಉತ್ತರ ಭಾಗವಂತೂ ಗಣಿ, ಕಾರ್ಖಾನೆ, ಹೊಲ ಅನ್ನದೆ ಹಾಳಾಗಿ ಬಿದ್ದಿತ್ತು. ಇಲ್ಲಿ ಬ್ರಿಟನ್‌ಗೆ ಇನ್ನೊಂದು ಚಿಂತೆ. ನಾಗರಿಕರ ಹಾನಿಯನ್ನು ಮಾತ್ರ ಲೆಕ್ಕ ಹಿಡಿದರೆ ಬರುವ ದುಡ್ಡಿನಲ್ಲಿ ದೊಡ್ಡ ಪಾಲು ಫ್ರಾನ್ಸ್, ಬೆಲ್ಜಿಯಂಗೆ ಹೋಗಿ ತನಗೆ ಮುಳುಗಿದ ಹಡಗುಗಳ ಲೆಕ್ಕ, ಇನ್ನಷ್ಟು ಚಿಲ್ಲರೆ ಬಿಟ್ಟರೆ ಏನೂ ಸಿಗುವುದಿಲ್ಲ. ಬ್ರಿಟನ್ ಕಡೆಯಲ್ಲೇ ಇದ್ದ ದಕ್ಷಿಣ ಆಫ್ರಿಕಾದ ನಾಯಕ ಯಾನ್ ಸ್ಮಟ್ಸ್ ಇದಕ್ಕೊಂದು ಉಪಾಯ ಹೇಳಿಕೊಟ್ಟರು: ಸೈನಿಕ ಮನೆಗೆ ವಾಪಸ್ ಬಂದ ಮೇಲೆ ಅವನೂ ನಾಗರಿಕನೇ, ಹಾಗಾಗಿ ಅವನ ಪಿಂಚಣಿ, ಅವನ ಹೆಂಡತಿ ಮಕ್ಕಳಿಗೆ ಕೊಟ್ಟ ಭತ್ಯೆ ಎಲ್ಲವೂ ನಾಗರಿಕ ಹಾನಿಯೇ! ಜಾಣ ವಾದ ಹೌದು, ಪ್ರಾಮಾಣಿಕ ವಾದವಂತೂ ನನಗೆ ಕಾಣುವುದಿಲ್ಲ. ಅಮೆರಿಕದ ಅಧ್ಯಕ್ಷ ವಿಲ್ಸನ್ ತಮ್ಮದೇ ಕಾನೂನು ಸಲಹೆಗಾರರು ಬೇಡ ಅಂದರೂ ಇದಕ್ಕೆ ತಲೆಯಾಡಿಸಿದರು.

ಒಟ್ಟು ಮೊತ್ತ ಎಷ್ಟು ಅಂತ ಬರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಜರ್ಮನಿ ನಿಜಕ್ಕೂ ಕೊಡಬಲ್ಲ ಮೊತ್ತ ಬರೆದರೆ ಮನೆಯಲ್ಲಿ ಮತದಾರರು ಸುಮ್ಮನಿರುವುದಿಲ್ಲ, ಮತದಾರರು ಕೇಳುವ ಮೊತ್ತ ಬರೆದರೆ ಜರ್ಮನಿ ಸಹಿ ಹಾಕುವುದಿಲ್ಲ. ಈ ಗಂಟು ಬಿಚ್ಚಲು ಕೂತವರು ಇಬ್ಬರು ಅಮೆರಿಕನ್ನರು, ನಾರ್ಮನ್ ಡೇವಿಸ್ ಮತ್ತು 31 ವರ್ಷದ ಯುವ ವಕೀಲ ಜಾನ್ ಫಾಸ್ಟರ್ ಡಲ್ಲೆಸ್. ಎರಡನೆಯ ಹೆಸರು ನೆನಪಿನಲ್ಲಿರಲಿ, ಮತ್ತೆ ಬರುತ್ತದೆ. ಅವರು ಹೊಸೆದ ಉಪಾಯ ಹೀಗಿತ್ತು. 231ರಲ್ಲಿ ಎಲ್ಲ ನಷ್ಟಕ್ಕೂ ಜರ್ಮನಿ ಹೊಣೆ ಅಂತ ದೊಡ್ಡದಾಗಿ ಬರೆಯುವುದು. ಕೆಳಗೇ 232ರಲ್ಲಿ, ಎಲ್ಲ ನಷ್ಟ ತುಂಬಿಕೊಡುವಷ್ಟು ಸಂಪತ್ತು ಜರ್ಮನಿಯ ಬಳಿ ಇಲ್ಲ ಅಂತ ನಮಗೂ ಗೊತ್ತು, ಆದ್ದರಿಂದ ನಾಗರಿಕರ ಹಾನಿಗೆ ಮಾತ್ರ ಕೊಟ್ಟರೆ ಸಾಕು ಅಂತ ಬರೆಯುವುದು. ಲಂಡನ್, ಪ್ಯಾರಿಸ್‌ನ ಜನ ಮೊದಲನೆಯದನ್ನು ಓದಿ ಸಮಾಧಾನ ಪಡಲಿ, ಜರ್ಮನಿ ಎರಡನೆಯದನ್ನು ಓದಿ ಉಸಿರು ಬಿಡಲಿ. ಅಂದರೆ 231 ಬಂದದ್ದು ಜರ್ಮನಿ ಕೊಡಬೇಕಾದ್ದಕ್ಕೆ ಒಂದು ಮಿತಿ ಹಾಕುವ ಪ್ರಯತ್ನದ ಅರ್ಧ ಭಾಗವಾಗಿ.

ಆದದ್ದು ಪೂರಾ ಉಲ್ಟಾ. ಎರಡೂ ಕಡೆಯವರು ಮೊದಲನೆಯದನ್ನೇ ಓದಿದರು. ಎರಡನೆಯದನ್ನು ಯಾರೂ ಓದಲಿಲ್ಲ.

1919ರ ಮೇ 7, ವರ್ಸೇಲ್ಸ್‌ನ ಟ್ರಿಯಾನಾನ್ ಪ್ಯಾಲೇಸ್ ಹೋಟೆಲ್. ಫ್ರಾನ್ಸ್‌ನ ಪ್ರಧಾನಿ ಕ್ಲೆಮೆನ್ಸೋ ಎದ್ದು ನಿಂತು ನಾಲ್ಕು ಮಾತಾಡಿ ಒಪ್ಪಂದದ ಕರಡನ್ನು ಜರ್ಮನಿಯ ನಿಯೋಗದ ಕೈಗೆ ಕೊಡಿಸಿದರು. ಉತ್ತರ ಕೊಡಬೇಕಾದ ಜರ್ಮನಿಯ ವಿದೇಶಾಂಗ ಸಚಿವ ಬ್ರೋಕ್‌ಡಾರ್ಫ್-ರಾಂಟ್ಸೌ ಎದ್ದೇಳಲಿಲ್ಲ, ಕೂತಲ್ಲಿಂದಲೇ ಮಾತಾಡಿದರು. ಎದುರಿಗಿದ್ದವರಿಗೆ ಮೈ ಉರಿಯಿತು. ಯುದ್ಧಕ್ಕೆ ನಾವೊಬ್ಬರೇ ಕಾರಣ ಅಂತ ಒಪ್ಪಿಕೊಳ್ಳಿ ಅನ್ನುತ್ತಿದ್ದೀರಿ, ನನ್ನ ಬಾಯಲ್ಲಿ ಆ ಮಾತು ಬಂದರೆ ಅದು ಸುಳ್ಳಾಗುತ್ತದೆ ಅಂದರು. ಇದರಲ್ಲೊಂದು ಸ್ವಾರಸ್ಯ ಇದೆ. ಒಪ್ಪಂದದ ಪ್ರತಿ ಅವರ ಕೈಗೆ ಸಿಕ್ಕಿದ್ದು ಅದೇ ಸಭೆಯಲ್ಲಿ. ಭಾಷಣ ಮೊದಲೇ ಬರೆದಿಟ್ಟುಕೊಂಡದ್ದು. ಅಂದರೆ 231 ಓದುವ ಮೊದಲೇ ಅದಕ್ಕೆ ಉತ್ತರ ತಯಾರಾಗಿತ್ತು.

ಹಾಗಂತ ಜರ್ಮನರು ಸುಮ್ನೆ ಇಲ್ಲದ್ದನ್ನು ಊಹಿಸಿಕೊಂಡರು ಅನ್ನುವುದೂ ತಪ್ಪಾಗುತ್ತದೆ. ಜೂನ್ 16ರಂದು ಮಿತ್ರರಾಷ್ಟ್ರಗಳು ಕೊಟ್ಟ ಲಿಖಿತ ಉತ್ತರದಲ್ಲಿ ಈ ಯುದ್ಧವನ್ನು ಮನುಕುಲದ ವಿರುದ್ಧ, ಜನರ ಸ್ವಾತಂತ್ರ್ಯದ ವಿರುದ್ಧ ನಡೆದ ಅತಿ ದೊಡ್ಡ ಅಪರಾಧ ಅಂತಲೇ ಕರೆದರು. 231ರಲ್ಲಿ ಇಲ್ಲದ ನೈತಿಕ ತೀರ್ಪು ಈ ಉತ್ತರದಲ್ಲಿ ಬಂತು. ವಕೀಲರು ಹುಷಾರಾಗಿ ಬರೆದ ವಾಕ್ಯಕ್ಕೆ ರಾಜಕಾರಣಿಗಳು ಬೇರೆಯೇ ಅರ್ಥ ಹಚ್ಚಿದರು, ಆಮೇಲೆ ಅದನ್ನು ಅಳಿಸಲು ಆಗಲಿಲ್ಲ. ಇನ್ನೂ ಒಂದಿದೆ. ಯುದ್ಧಕ್ಕೆ ಕಾರಣ ಯಾರು ಅಂತ ತನಿಖೆ ಮಾಡಲು ಲಾನ್ಸಿಂಗ್ ಅಧ್ಯಕ್ಷತೆಯಲ್ಲಿ ಬೇರೆಯೇ ಆಯೋಗ ಇತ್ತು. ಅದು ಜರ್ಮನಿ, ಆಸ್ಟ್ರಿಯಾ ಕಡೆಯವರು ಮೊದಲೇ ಯೋಚಿಸಿ ಯುದ್ಧ ಮಾಡಿದರು ಅಂತ ಹೇಳಿತು, ಆದರೆ ಯುದ್ಧ ಶುರು ಮಾಡಿದ್ದಕ್ಕೇ ಯಾರನ್ನಾದರೂ ಕಟಕಟೆಗೆ ತರುವುದು ಬೇಡ ಅಂತಲೂ ಹೇಳಿತು. ಯಾಕೆಂದರೆ ಆಗಿನ ಕಾನೂನಿನಲ್ಲಿ ಅದು ಅಪರಾಧವೇ ಅಲ್ಲ. ಆದರೂ 227ನೇ ವಿಧಿಯಲ್ಲಿ ಜರ್ಮನಿಯ ಚಕ್ರವರ್ತಿಯಾಗಿದ್ದ ಕೈಸರ್ ಎರಡನೇ ವಿಲ್ಹೆಲ್ಮ್‌ನನ್ನು ವಿಚಾರಣೆಗೆ ಒಳಪಡಿಸುತ್ತೇವೆ ಅಂತ ಬರೆದರು, ಅಂತರರಾಷ್ಟ್ರೀಯ ನೀತಿಯನ್ನೂ ಒಪ್ಪಂದಗಳ ಪಾವಿತ್ರ್ಯವನ್ನೂ ಮುರಿದ ಆರೋಪದ ಮೇಲೆ. ಅವನು ಓಡಿಹೋಗಿದ್ದ ನೆದರ್‌ಲೆಂಡ್ಸ್ ಅವನನ್ನು ಒಪ್ಪಿಸುವುದಿಲ್ಲ ಅಂದಿತು. ಅಲ್ಲೇ ಡೋರ್ನ್ ಅನ್ನುವ ಊರಲ್ಲಿ ಮರ ಕಡಿಯುತ್ತಾ ಕಾಲ ಕಳೆದ ಅವನು ಸತ್ತದ್ದು 1941ರಲ್ಲಿ.

ಇದೇ ಧಾಟಿಯ ವಾಕ್ಯ ಆಸ್ಟ್ರಿಯಾದ ಒಪ್ಪಂದದಲ್ಲಿ 177ನೇ ವಿಧಿಯಾಗಿ, ಹಂಗೇರಿಯ ಒಪ್ಪಂದದಲ್ಲಿ 161ನೇ ವಿಧಿಯಾಗಿ ಇದೆ, ಹೆಸರು ಮಾತ್ರ ಬದಲು. ಅದರ ಬಗ್ಗೆ ಯಾರಾದರೂ ಮಾತಾಡಿದ್ದು ಕೇಳಿದ್ದೀರಾ? ಟ್ರಿಯಾನಾನ್ ಅಂತ ಕರೆಯುವ ಆ ಒಪ್ಪಂದದ ಹೆಸರೆತ್ತಿದರೆ ಹಂಗೇರಿಯಲ್ಲಿ ಇವತ್ತಿಗೂ ಸಂಕಟ, ಆದರೆ ಅದು ಮೂರನೇ ಎರಡು ಭಾಗ ನೆಲ ಹೋದದ್ದಕ್ಕೆ. ಜರ್ಮನಿಯಲ್ಲಿ ಮಾತ್ರ ವಿದೇಶಾಂಗ ಇಲಾಖೆಯಲ್ಲೇ ಇದಕ್ಕೊಂದು ಪ್ರತ್ಯೇಕ ವಿಭಾಗ ತೆರೆದರು. 231 ಸುಳ್ಳು ಅಂತ ತೋರಿಸುವ ಬರಹ, ಭಾಷಣ, ಪತ್ರಿಕೆಗಳಿಗೆ ಸರ್ಕಾರದ ದುಡ್ಡು ಹೋಯಿತು. ಯುದ್ಧಕ್ಕೆ ಮುಂಚಿನ ಕಡತಗಳನ್ನು ಆರಿಸಿ ಆರಿಸಿ ದಪ್ಪ ದಪ್ಪ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಲೆಕ್ಕ ಸರಳ: ಹೊಣೆ ಅನ್ನುವ ಅಡಿಪಾಯ ಬಿದ್ದರೆ ಅದರ ಮೇಲೆ ಕಟ್ಟಿದ ಸಾಲವೂ ಬೀಳುತ್ತದೆ. ಎಡ, ಬಲ, ನಡು ಯಾವ ಪಕ್ಷವಾದರೂ ಈ ಒಂದು ವಿಷಯದಲ್ಲಿ ಒಂದೇ ಮಾತು. ಹಿಟ್ಲರ್‌ಗೆ ಸಿಕ್ಕಿದ್ದು ಬೇರೆಯವರು ಹದ ಮಾಡಿಟ್ಟ ಹೊಲ.

ಇನ್ನು ದುಡ್ಡಿನ ಕಥೆ. 1921ರಲ್ಲಿ ಕೊನೆಗೂ ಮೊತ್ತ ಬರೆದರು, 13,200 ಕೋಟಿ ಚಿನ್ನದ ಮಾರ್ಕ್. ಅದರಲ್ಲಿ 8,200 ಕೋಟಿ ಮತದಾರರಿಗೆ ತೋರಿಸಲು ಇಟ್ಟ ಅಂಕಿ, ಅದು ಬರುತ್ತದೆ ಅಂತ ಬರೆದವರಿಗೂ ನಂಬಿಕೆ ಇರಲಿಲ್ಲ. ನಿಜವಾಗಿ ಕೇಳಿದ್ದು 5,000 ಕೋಟಿ. 1932ರಲ್ಲಿ ವಸೂಲಿ ನಿಲ್ಲುವ ಹೊತ್ತಿಗೆ ಜರ್ಮನಿ ಕೊಟ್ಟದ್ದು ಸುಮಾರು 2,000 ಕೋಟಿ ಅಂತ ಹೆಚ್ಚಿನ ಇತಿಹಾಸಕಾರರ ಅಂದಾಜು. ಆ ಕಂತುಗಳಿಗಾಗಿ ಹೊರಗೆ ಎತ್ತಿದ ಸಾಲಪತ್ರಗಳ ಕೊನೇ ಬಡ್ಡಿ ತೀರಿದ್ದು 2010ರ ಅಕ್ಟೋಬರ್ 3ರಂದು.

ಅಂದ ಹಾಗೆ ವರ್ಸೇಲ್ಸ್‌ಗೆ ಭಾರತದ ಪರವಾಗಿಯೂ ಸಹಿ ಬಿದ್ದಿದೆ. ಸಹಿ ಹಾಕಿದವರು ಬ್ರಿಟಿಷ್ ಸರ್ಕಾರದಲ್ಲಿ ಭಾರತದ ಮಂತ್ರಿಯಾಗಿದ್ದ ಎಡ್ವಿನ್ ಮಾಂಟೆಗು ಮತ್ತು ಬಿಕಾನೇರ್ ಮಹಾರಾಜ ಗಂಗಾ ಸಿಂಗ್. ಜರ್ಮನಿಯ "ಜತೆಗಾರ" ಆಟೋಮನ್ ತುರ್ಕರ ವಿರುದ್ಧ ಹೈಫಾದಲ್ಲಿ 1918ರ ಸೆಪ್ಟೆಂಬರ್ 23ರಂದು ಕುದುರೆ ಏರಿ ನುಗ್ಗಿದವರಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು. ಕಾಗದದ ಮಟ್ಟಿಗೆ 231ರ "ನಾವು" ಅನ್ನುವುದರಲ್ಲಿ ಮೈಸೂರಿನವರೂ ಸೇರುತ್ತಾರೆ, ಅವರನ್ನು ಯಾರೂ ಕೇಳಲಿಲ್ಲ ಅನ್ನುವುದು ಬೇರೆ ಮಾತು.

ಹಾಗಾದರೆ ಇದಕ್ಕೂ ಮುಂಚೆ ಹೇಗಿತ್ತು? ಯುರೋಪಿನ ಹಳೇ ಪದ್ಧತಿ ಇದಕ್ಕೆ ತದ್ವಿರುದ್ಧ. 30 ವರ್ಷದ ಯುದ್ಧ ಮುಗಿಸಿದ 1648ರ ವೆಸ್ಟ್‌ಫೇಲಿಯಾ ಒಪ್ಪಂದದಲ್ಲಿ, ಇದುವರೆಗೆ ಎರಡೂ ಕಡೆ ಆದದ್ದನ್ನೆಲ್ಲ ಶಾಶ್ವತವಾಗಿ ಮರೆತುಬಿಡಬೇಕು ಅಂತ ಬರೆದಿದ್ದಾರೆ. ಯಾರು ಶುರು ಮಾಡಿದರು ಅನ್ನುವ ಮಾತೇ ಬೇಡ. ಹಾಗಂತ ಸೋತವರಿಂದ ದುಡ್ಡು ಕಿತ್ತುಕೊಳ್ಳುವುದು ನಿಂತಿರಲಿಲ್ಲ. 1871ರಲ್ಲಿ ಜರ್ಮನಿ ಫ್ರಾನ್ಸ್‌ನಿಂದ 500 ಕೋಟಿ ಫ್ರಾಂಕ್ ವಸೂಲಿ ಮಾಡಿತು. ಅದಕ್ಕೆ ತಪ್ಪು ಒಪ್ಪಿಸುವ ವಾಕ್ಯ ಬೇಕಾಗಲಿಲ್ಲ. ನಾವು ಗೆದ್ದೆವು, ನೀವು ಸೋತಿರಿ, ದುಡ್ಡು ಕೊಡಿ, ಅಷ್ಟೇ. ನನಗಂತೂ ಇದು ಒರಟಾದರೂ ನೇರ ಅನಿಸುತ್ತದೆ. ಗೆದ್ದದ್ದಕ್ಕೇ ದುಡ್ಡು ಕೇಳುವುದು ನಾಚಿಕೆಗೇಡು ಅಂತ ಜಗತ್ತಿಗೆ ಅನಿಸಿದ ಮೇಲೆ ಗೆಲುವಿನ ಜಾಗಕ್ಕೆ ತಪ್ಪು ಬಂದು ಕೂತಿತು.

ಆದರೆ ಈಸ್ಟ್ ಇಂಡಿಯಾ ಕಂಪನಿಗೆ ಈ ವಿದ್ಯೆ ವರ್ಸೇಲ್ಸ್‌ಗಿಂತ ನೂರಿಪ್ಪತ್ತು ವರ್ಷ ಮೊದಲೇ ಗೊತ್ತಿತ್ತು. 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಸೋತ ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕೊಟ್ಟು ತಾನೇ ಒಪ್ಪಂದ ಮಾಡಿಕೊಂಡಿದ್ದ. 1799ರ ಮೇ 4ರಂದು ಅವನು ಕೋಟೆಯಲ್ಲೇ ಸತ್ತಾಗ ಒಪ್ಪಂದ ಮಾಡಿಕೊಳ್ಳಲು ಎದುರಾಳಿಯೇ ಉಳಿಯಲಿಲ್ಲ. ಜೂನ್ 22ರಂದು ಕಂಪನಿ ಮತ್ತು ಹೈದರಾಬಾದಿನ ನಿಜಾಮ ಕೂತು ಮೈಸೂರನ್ನು ಹಂಚಿಕೊಂಡ ಒಪ್ಪಂದದ ಪೀಠಿಕೆ ಓದಬೇಕು. ನಮ್ಮ ಕಡೆಯಿಂದ ಯಾವ ಆಕ್ರಮಣ, ಯಾವ ಕೆಣಕಾಟ ಇಲ್ಲದಿದ್ದರೂ ದಿವಂಗತ ಟಿಪ್ಪು ಸುಲ್ತಾನ ಫ್ರೆಂಚರ ಜತೆ ಸೇರಿಕೊಂಡ, ನಮ್ಮ ಮೇಲೆ ಯುದ್ಧ ಹೂಡಲೆಂದೇ ಅವರ ಪಡೆಯನ್ನು ತನ್ನ ಸೈನ್ಯಕ್ಕೆ ಸೇರಿಸಿಕೊಂಡ, ನಾವು ನ್ಯಾಯವಾಗಿ ಕೇಳಿದ್ದಕ್ಕೂ ಜಾರಿಕೊಂಡ, ಆದ್ದರಿಂದ ನಮ್ಮ ರಕ್ಷಣೆಗಾಗಿ ಯುದ್ಧ ಮಾಡಬೇಕಾಯಿತು ಅಂತ ಶುರುವಾಗುತ್ತದೆ. ಆ ಫ್ರೆಂಚ್ ಪಡೆ ಅಂದರೆ ಮಾರಿಷಸ್‌ನಿಂದ 1798ರಲ್ಲಿ ಮಂಗಳೂರಿಗೆ ಬಂದಿಳಿದ ಸುಮಾರು ನೂರು ಮಂದಿ! ಮುಂದಿನ ವಿಧಿಗಳಲ್ಲಿ ಯಾವ ಸೀಮೆ ಕಂಪನಿಗೆ, ಯಾವುದು ನಿಜಾಮನಿಗೆ ಅನ್ನುವ ಪಟ್ಟಿ. ಪೇಶ್ವೆಗೂ ಒಂದು ಪಾಲು ತೆಗೆದಿಟ್ಟಿದ್ದರು, ಅವರು ಬೇಡ ಅಂದರು. ಇಲ್ಲಿ ಸತ್ತವನಿಂದ ತಪ್ಪು ಒಪ್ಪಿಸುವ ಮಾತೇ ಇಲ್ಲ. ಬರೆದವರೇ ಸಾರಿದರು, ಬರೆದವರೇ ಒಪ್ಪಿದರು.

ಸೋತವನು ಮತ್ತೆ ಎದ್ದು ನಿಂತರೆ ಏನಾಗುತ್ತದೆ ಅನ್ನುವುದಕ್ಕೆ ಟರ್ಕಿ ಇದೆ. 1920ರ ಸೆವ್ರ್ ಒಪ್ಪಂದದಲ್ಲಿ ಟರ್ಕಿಯ ಮೇಲೂ ಹೊಣೆ ಹೊರಿಸುವ ವಿಧಿ ಇತ್ತು. ಟರ್ಕಿಯ ನಾಯಕ ಮುಸ್ತಫಾ ಕೆಮಾಲ್‌ನ ಪಡೆಗಳು ಟರ್ಕಿಯ ನೆಲವಾದ ಅನಟೋಲಿಯಾಕ್ಕೆ ನುಗ್ಗಿದ್ದ ಗ್ರೀಕರನ್ನು ಅಲ್ಲಿಂದ ಹೊರಗಟ್ಟಿದ ಮೇಲೆ ಆ ಒಪ್ಪಂದ ಕಸದ ಬುಟ್ಟಿ ಸೇರಿತು. 1923ರಲ್ಲಿ ಲೊಸಾನ್‌ನಲ್ಲಿ ಹೊಸ ಒಪ್ಪಂದ ಆಯಿತು. ಅದರಲ್ಲಿ ಹೊಣೆಯ ಮಾತಿಲ್ಲ, ಯುದ್ಧದ ನಷ್ಟಕ್ಕೆ ಯಾರೂ ಯಾರಿಂದಲೂ ಏನೂ ಕೇಳುವುದಿಲ್ಲ ಅಂತ ಎರಡೂ ಕಡೆಯವರು ಬರೆದುಕೊಂಡರು. ಗ್ರೀಸ್ ಮಾತ್ರ ಅನಟೋಲಿಯಾದಲ್ಲಿ ಯುದ್ಧದ ನಿಯಮ ಮೀರಿ ಮಾಡಿದ ಹಾನಿಗೆ ಪರಿಹಾರ ಕೊಡಬೇಕಾದ್ದು ನನ್ನ ಹೊಣೆ ಅಂತ ಒಪ್ಪಿಕೊಂಡಿತು, ಅದರ ಕೈಲಾಗದ ಸ್ಥಿತಿ ನೋಡಿ ಟರ್ಕಿ ಬೇಡ ಬಿಡಿ ಅಂತು. ಮೂರು ವರ್ಷದಲ್ಲಿ ಇತಿಹಾಸವೇನೂ ಬದಲಾಗಿರಲಿಲ್ಲ, 1914ರಲ್ಲಿ ಆದದ್ದು ಆದದ್ದೇ. ಬದಲಾಗಿದ್ದು ಟರ್ಕಿಯ ಕೈಯಲ್ಲಿದ್ದ ಬಂದೂಕು. 1966ರ ತಾಷ್ಕೆಂಟ್ ಘೋಷಣೆಯಲ್ಲೂ ಹಾಗೇ. ಭಾರತ, ಪಾಕಿಸ್ತಾನ ಎರಡೂ ಪೂರ್ತಿ ಸೋತಿರಲಿಲ್ಲ, ಹಾಗಾಗಿ 1965ರ ಯುದ್ಧ ಶುರು ಮಾಡಿದ್ದು ಯಾರು ಅನ್ನುವ ಬಗ್ಗೆ ಒಂದಕ್ಷರ ಇಲ್ಲ.

ಎರಡನೇ ಮಹಾಯುದ್ಧದ ಹೊತ್ತಿಗೆ ಪಾಠ ಕಲಿತಿದ್ದರು. 1928ರ ಕೆಲ್ಲಾಗ್-ಬ್ರಿಯಾಂಡ್ ಒಪ್ಪಂದದಲ್ಲಿ ಯುದ್ಧವನ್ನೇ ತ್ಯಜಿಸುತ್ತೇವೆ ಅಂತ ದೇಶಗಳು ಬರೆದುಕೊಟ್ಟಿದ್ದವು, ಅದನ್ನು ಹಿಡಿದುಕೊಂಡು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ನಡೆದ ನಾಜಿ ನಾಯಕರ ವಿಚಾರಣೆಯಲ್ಲಿ ದೇಶದ ಬದಲು ಮನುಷ್ಯರನ್ನು ಕಟಕಟೆಗೆ ನಿಲ್ಲಿಸಿದರು. 1947ರ ಇಟಲಿಯ ಒಪ್ಪಂದದ ಪೀಠಿಕೆ ನೋಡಿದರೆ ಎಷ್ಟು ಹುಷಾರಾಗಿದ್ದರು ಅಂತ ತಿಳಿಯುತ್ತದೆ: ಫ್ಯಾಸಿಸ್ಟ್ ಆಡಳಿತದಲ್ಲಿ ಇಟಲಿ ಆಕ್ರಮಣದ ಯುದ್ಧಕ್ಕಿಳಿಯಿತು, ಹೊಣೆಯಲ್ಲಿ ಅದರ ಪಾಲೂ ಇದೆ, ಆದರೆ ಆ ಆಡಳಿತವನ್ನು ಉರುಳಿಸಲು ಇಟಲಿಯ ಪ್ರಜಾಪ್ರಭುತ್ವವಾದಿಗಳೂ ಕೈಜೋಡಿಸಿದರು. ಬೈದದ್ದು ಆಡಳಿತವನ್ನು, ಜನರಿಗೆ ಹೊರಹೋಗಲು ಬಾಗಿಲು ಬಿಟ್ಟರು.

1951ರ ಜಪಾನಿನ ಒಪ್ಪಂದ ಇನ್ನೂ ಒಂದು ಹೆಜ್ಜೆ ಮುಂದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಹಿಯಾದ ಅದರಲ್ಲಿ 231ರಂಥ ವಿಧಿ ಇಲ್ಲವೇ ಇಲ್ಲ. ಜಪಾನ್ ಪರಿಹಾರ ಕೊಡಬೇಕು, ಆದರೆ ಪೂರ್ತಿ ಕೊಡುವಷ್ಟು ಅದರ ಬಳಿ ಇಲ್ಲ ಅನ್ನುವ 14ನೇ ವಿಧಿಯನ್ನು ಓದಿದರೆ ವರ್ಸೇಲ್ಸ್‌ನ 232 ಕಿವಿಯಲ್ಲಿ ಗುನುಗುತ್ತದೆ. ಆಶ್ಚರ್ಯ ಬೇಡ, ಈ ಒಪ್ಪಂದದ ಮುಖ್ಯ ಶಿಲ್ಪಿ ಅದೇ ಜಾನ್ ಫಾಸ್ಟರ್ ಡಲ್ಲೆಸ್, ಈಗ 63 ವರ್ಷ. ಹಳೇ ಉಪಾಯದ ಎರಡನೇ ಅರ್ಧ ಇಟ್ಟುಕೊಂಡು ಮೊದಲ ಅರ್ಧ ಬಿಟ್ಟರು. ತಪ್ಪಿನ ವಿಷಯವನ್ನು ಜಪಾನಿನ ನಾಯಕರ ವಿಚಾರಣೆ ನಡೆಸಿದ ಟೋಕಿಯೋ ನ್ಯಾಯಮಂಡಳಿಗೆ ಬಿಟ್ಟು, ಅದರ ತೀರ್ಪನ್ನು ಜಪಾನ್ ಒಪ್ಪುತ್ತದೆ ಅಂತ 11ನೇ ವಿಧಿಯಲ್ಲಿ ಬರೆದರು. ಆ ಮಂಡಳಿಯಲ್ಲಿ ಭಾರತದ ನ್ಯಾಯಮೂರ್ತಿ ರಾಧಾಬಿನೋದ್ ಪಾಲ್, ಆಗಿನ ಕಾನೂನಿನಲ್ಲಿ ಆಕ್ರಮಣದ ಯುದ್ಧ ಅಪರಾಧವಾಗಿರಲಿಲ್ಲ ಅಂತ ವಾದಿಸಿ ಎಲ್ಲ ಆರೋಪಿಗಳನ್ನೂ ಬಿಡಬೇಕು ಅಂತ ಭಿನ್ನ ತೀರ್ಪು ಬರೆದರು. ಭಾರತ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಲೂ ಇಲ್ಲ. 1952ರ ಜೂನ್ 9ರಂದು ಜಪಾನಿನ ಜತೆ ಬೇರೆಯೇ ಒಪ್ಪಂದ ಮಾಡಿಕೊಂಡು ಪರಿಹಾರದ ಹಕ್ಕನ್ನೆಲ್ಲ ಬಿಟ್ಟುಕೊಟ್ಟಿತು.

ಆಮೇಲೆ ಈ ಕೆಲಸ ಒಪ್ಪಂದ ಬರೆಯುವವರ ಕೈಯಿಂದ ಮೂರನೆಯವರ ಕೈಗೆ ಹೋಯಿತು. ಇರಾನ್-ಇರಾಕ್ ಯುದ್ಧ ನಿಲ್ಲಿಸಿದ ಭದ್ರತಾ ಮಂಡಳಿಯ 598ನೇ ನಿರ್ಣಯದಲ್ಲಿ, ಹೊಣೆ ಯಾರದ್ದು ಅಂತ ನಿಷ್ಪಕ್ಷ ಸಂಸ್ಥೆಯಿಂದ ವಿಚಾರಣೆ ಮಾಡಿಸುವ ಬಗ್ಗೆ ನೋಡಿ ಅಂತ ಇತ್ತು, ಇರಾನ್ ಹಟ ಹಿಡಿದದ್ದೇ ಅದಕ್ಕೆ. 1991ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ ಪೆರೆಸ್ ದೆ ಕ್ವೆಯಾರ್, 1980ರ ಸೆಪ್ಟೆಂಬರ್ 22ರ ಇರಾಕ್ ದಾಳಿಗೆ ಸಮರ್ಥನೆ ಇಲ್ಲ ಅಂತ ವರದಿ ಕೊಟ್ಟರು. ಇರಾನಿಗೆ ದುಡ್ಡು ಬರಲಿಲ್ಲ. ಅದೇ ವರ್ಷ, ಇರಾಕ್ ಕುವೈತನ್ನು ಆಕ್ರಮಿಸಿದ ವಿಷಯದಲ್ಲಿ, ಭದ್ರತಾ ಮಂಡಳಿಯ 687ನೇ ನಿರ್ಣಯ ಇರಾಕ್ ಹೊಣೆ ಅಂತ ನೇರವಾಗಿ ಹೇಳಿ ಅದರ ತೈಲದ ಆದಾಯಕ್ಕೇ ಕೈ ಹಾಕಿತು. 2022ರಲ್ಲಿ ಕೊನೇ ಕಂತು ಕಟ್ಟುವಷ್ಟರಲ್ಲಿ ಇರಾಕ್ ಕೊಟ್ಟದ್ದು 5,240 ಕೋಟಿ ಡಾಲರ್. ಇರಾಕ್ ಕುವೈತ್‌ನಲ್ಲಿ ಸೋತಿತ್ತು, ಇರಾನಿನಲ್ಲಿ ಸೋತಿರಲಿಲ್ಲ.

ನನಗೆ ಎಲ್ಲಕ್ಕಿಂತ ಕುತೂಹಲದ ಪ್ರಕರಣ ಇಥಿಯೋಪಿಯಾ ಮತ್ತು ಎರಿಟ್ರಿಯಾದ್ದು. ಬಾದ್ಮೆ ಅನ್ನುವ ಒಂದು ಸಣ್ಣ ಗಡಿ ಊರಿಗಾಗಿ 1998ರಿಂದ 2000ದವರೆಗೆ ಹೊಡೆದಾಡಿ ಹತ್ತಾರು ಸಾವಿರ ಜನ ಸತ್ತರು. 2000ದ ಡಿಸೆಂಬರ್ 12ರಂದು ಆಲ್ಜಿಯರ್ಸ್‌ನಲ್ಲಿ ಒಪ್ಪಂದ ಆಯಿತು. ಗಡಿ ಗುರುತಿಸಲು ಒಂದು ಆಯೋಗ, ಪರಿಹಾರಕ್ಕೆ ಇನ್ನೊಂದು. 2002ರಲ್ಲಿ ಗಡಿ ಆಯೋಗ ಬಾದ್ಮೆ ಎರಿಟ್ರಿಯಾಗೆ ಸೇರಿದ್ದು ಅಂತ ಹೇಳಿತು. 2005ರಲ್ಲಿ ಪರಿಹಾರ ಆಯೋಗ, 1998ರ ಮೇ 12ರಂದು ಬಾದ್ಮೆಯ ಮೇಲೆ ದಾಳಿ ಮಾಡಿ ಎರಿಟ್ರಿಯಾ ವಿಶ್ವಸಂಸ್ಥೆಯ ಸನ್ನದನ್ನು ಮುರಿಯಿತು ಅಂತ ಹೇಳಿತು. ಅಂದರೆ ಊರು ನಿನ್ನದೇ, ಆದರೆ ಬಂದೂಕು ಹಿಡಿದು ತೆಗೆದುಕೊಂಡದ್ದು ತಪ್ಪು. ಗಡಿ ತಕರಾರು ಇದ್ದ ಮಾತ್ರಕ್ಕೆ ಬೇರೆಯವರು ಶಾಂತಿಯಿಂದ ಆಳುತ್ತಿದ್ದ ಜಾಗಕ್ಕೆ ಸೈನ್ಯ ನುಗ್ಗಿಸುವ ಹಾಗಿಲ್ಲ. 2009ರಲ್ಲಿ ಮೊತ್ತ ಬಂತು: ಎರಿಟ್ರಿಯಾ ಇಥಿಯೋಪಿಯಾಗೆ 17 ಕೋಟಿ ಚಿಲ್ಲರೆ ಡಾಲರ್, ಇಥಿಯೋಪಿಯಾ ಎರಿಟ್ರಿಯಾಗೆ 16 ಕೋಟಿ ಚಿಲ್ಲರೆ. ಯುದ್ಧದ ಒಳಗೆ ಇಬ್ಬರೂ ಮಾಡಿದ ತಪ್ಪುಗಳನ್ನೂ ಹಾಕಿ, ಬಡ ದೇಶಗಳ ಮೇಲೆ ಹೊರಲಾರದ ಹೊರೆ ಬೇಡ ಅಂತ ನೋಡಿ, ಕೊನೆಗೆ ಉಳಿದ ವ್ಯತ್ಯಾಸ ಒಂದು ಕೋಟಿ ಡಾಲರ್ ಆಸುಪಾಸು. ಶುರು ಮಾಡಿದವನು ಎಲ್ಲದಕ್ಕೂ ಹೊಣೆ ಅನ್ನುವ 231ರ ತರ್ಕವನ್ನು ಈ ಆಯೋಗ ಒಪ್ಪಲಿಲ್ಲ.

ಈಗ ಉಕ್ರೇನ್ ವಿಷಯದಲ್ಲಿ ಸರದಿಯೇ ತಿರುಗಿದೆ. 2022ರ ನವೆಂಬರ್ 14ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ, ರಷ್ಯಾ ನಷ್ಟ ತುಂಬಿಕೊಡಬೇಕು ಅನ್ನುವ ನಿರ್ಣಯವನ್ನು 94 ಮತಗಳಿಂದ ಅಂಗೀಕರಿಸಿತು. 14 ದೇಶ ವಿರೋಧಿಸಿದವು, ಭಾರತವೂ ಸೇರಿ 73 ದೇಶ ಮತ ಹಾಕದೆ ಉಳಿದವು. 2023ರಲ್ಲಿ ಹಾನಿಯ ದಾಖಲೆ ಇಡಲು ಹೇಗ್ ನಗರದಲ್ಲಿ ಕಚೇರಿ ಶುರುವಾಯಿತು. ಮನೆ ಕಳೆದುಕೊಂಡವರು ಅಲ್ಲಿಗೆ ಅರ್ಜಿ ಹಾಕುತ್ತಾರೆ. ಹಿಂದೆಲ್ಲ ಮೊದಲು ಒಪ್ಪಂದ, ಅದರಲ್ಲಿ ಹೊಣೆ, ಆಮೇಲೆ ಬಿಲ್. ಇಲ್ಲಿ ಒಪ್ಪಂದಕ್ಕೆ ಕಾಯದೆ ಹೊಣೆ ಹೇಳಿದ್ದಾಯಿತು, ಬಿಲ್ ಬರೆಯುವುದೂ ಶುರುವಾಯಿತು. ಯುರೋಪಿನ ಖಾತೆಗಳಲ್ಲಿ ತಡೆಹಿಡಿದಿರುವ ರಷ್ಯಾದ ಕೇಂದ್ರ ಬ್ಯಾಂಕಿನ ಹಣವನ್ನು ಇದಕ್ಕೆ ಮುಟ್ಟಬಹುದೇ ಅನ್ನುವುದರ ಮೇಲೆ ಜಗಳ ನಡೆದಿರುವುದೂ ಇದಕ್ಕೇ. ಯಾಕೆಂದರೆ ಸಂಧಾನದ ಮೇಜಿಗೆ ರಷ್ಯಾ ಸೋತು ಬರದಿದ್ದರೆ 231ರಂಥ ವಾಕ್ಯಕ್ಕೆ ಅದರ ಸಹಿ ಸಿಗುವುದಿಲ್ಲ, ಇದು ಅರ್ಜಿ ತೆಗೆದುಕೊಳ್ಳುವ ಕಚೇರಿಯವರಿಗೂ ಗೊತ್ತು.